ಗುಜರಿಯ ಬ್ಲೇಡ್ ಸೆಟ್ ಹಾಕಿಸಿದ ಮೇಲೆ ಪಿಕಪ್ ಎಡಕ್ಕೆ ಎಳೆಯುತ್ತಿದೆ, ಶಾಕ್ ಅಬ್ಸಾರ್ಬರ್ ಬದಲಿಸಲೇ, ಅಲೈನ್‌ಮೆಂಟ್ ಮಾಡಿಸಲೇ?

ಎರಡೂ ಬೇಡ. ಹಿಂದಿನ ಎಡಬದಿಗೆ ಮಾತ್ರ ಹಳೆಯ ಬ್ಲೇಡ್ ಸೆಟ್ (ಚಕ್ರಗಳ ಮೇಲೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಹಾಕಿಸಿದ್ದೀರಿ, ಅಂದಿನಿಂದ ಗಾಡಿ ಎಡಕ್ಕೆ ಎಳೆಯುತ್ತದೆ, ಖಾಲಿ ಇದ್ದಾಗ ಹಂಪ್ ದಾಟಿದರೆ ಹಿಂದೆ ಟಕ್ ಎನ್ನುತ್ತದೆ, ಕೊಟ್ಟಿಗೆಹಾರದಿಂದ ತರಕಾರಿ ತುಂಬಿಕೊಂಡು ಉಜಿರೆಗೆ ಇಳಿಯಬೇಕು ಎಂದು ಬರೆದಿದ್ದೀರಿ. ಊರಿನ ಹೆಸರು ಬದಲಿಸಿದರೆ ಇದು ನನ್ನದೇ ಕಥೆ.

ಕಾಫಿ ಕೊಯ್ಲಿನ ಕಾಲದಲ್ಲಿ ಮೂಡಿಗೆರೆ ಸುತ್ತಿನ ತೋಟಗಳಿಂದ ಬೇಲೂರಿನ ಮೇಲೆ ಹಾಸನದ ಕ್ಯೂರಿಂಗ್ ವರ್ಕ್ಸ್‌ಗೆ ಚೀಲ ಸಾಗಿಸುತ್ತಿದ್ದಾಗ ನನ್ನ ಪಿಕಪ್ಪಿನ ಎಡಬದಿಯ ಮೇನ್ ಬ್ಲೇಡ್, ಅಂದರೆ ಸೆಟ್ಟಿನ ಮುಖ್ಯ ಪಟ್ಟಿ, ತುಂಡಾಯಿತು. ಹೊಸ ಜೋಡಿ ಹಾಕಿಸಿಕೊಳ್ಳಿ ಎಂದು ಮೆಕ್ಯಾನಿಕ್ ಹೇಳಿದ್ದರು. ಸೀಸನ್ನಿನ ನಡುವೆ ಬಾಡಿಗೆ ತಪ್ಪಿಹೋಗುತ್ತದೆಂಬ ಆತುರದಲ್ಲಿ ನಾನು ಟೇಪ್ ಹಿಡಿದು ಹಾಸನದ ಒಂದು ಗುಜರಿ ಅಂಗಡಿಗೆ ಹೋದೆ. ಒಂದು ತುದಿಯ ಬುಷ್ (ಪಿನ್ ಕೂರುವ ರಬ್ಬರ್ ಕೊಳವೆ) ತೂತಿನಿಂದ ಇನ್ನೊಂದು ತುದಿಯ ಬುಷ್ ತೂತಿನವರೆಗೆ ಅಳೆದರೆ ನನ್ನ ತುಂಡಾದ ಸೆಟ್ಟಿನ ಉದ್ದವೇ ಸಿಕ್ಕಿತು. ಬ್ಲೇಡುಗಳ ಸಂಖ್ಯೆ, ಅಗಲ, ಬುಷ್‌ನ ಅಳತೆ ಎಲ್ಲವೂ ಹೊಂದಿಕೊಂಡವು. ಅಷ್ಟಕ್ಕೇ ಹಣ ಕೊಟ್ಟು ಎತ್ತಿಕೊಂಡು ಬಂದೆ.

ತಪ್ಪು ನಡೆದದ್ದು ಅಲ್ಲಿಯೇ. ಇದನ್ನು ಸ್ವಲ್ಪ ಉದ್ದವಾಗಿಯೇ ವಿವರಿಸುತ್ತೇನೆ, ಏಕೆಂದರೆ ಕೊಳ್ಳುವವರಲ್ಲಿ ಹೆಚ್ಚಿನವರು ಅಳೆಯುವುದು ಇದೇ ಪೂರ್ತಿ ಉದ್ದವನ್ನು. ಸಾಮಾನ್ಯವಾಗಿ ಪಿಕಪ್ಪಿನ ಹಿಂದಿನ ಬ್ಲೇಡ್ ಸೆಟ್ಟಿನ ಮುಂತುದಿ ಚಾಸಿಸ್‌ನ ಬ್ರ್ಯಾಕೆಟ್ಟಿಗೆ ನೇರವಾಗಿ ಪಿನ್ ಆಗಿರುತ್ತದೆ, ಅದು ಹಿಂದಕ್ಕೂ ಮುಂದಕ್ಕೂ ಸರಿಯುವುದಿಲ್ಲ. ಹಿಂತುದಿ ಮಾತ್ರ ತೂಗಾಡುವ ಕೊಂಡಿಗೆ, ಅಂದರೆ ಶ್ಯಾಕಲ್‌ಗೆ ಸೇರಿರುತ್ತದೆ, ಏಕೆಂದರೆ ಭಾರ ಬಿದ್ದು ಬ್ಲೇಡ್ ಚಪ್ಪಟೆಯಾದಾಗ ಹೆಚ್ಚಾಗುವ ಉದ್ದಕ್ಕೆ ಎಲ್ಲಾದರೂ ಜಾಗ ಬೇಕು. ಆದ್ದರಿಂದ ಒಟ್ಟು ಉದ್ದದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೆ ಶ್ಯಾಕಲ್ ಅದನ್ನು ನುಂಗಿಕೊಳ್ಳುತ್ತದೆ. ಆದರೆ ಮುಂದಿನ ಬುಷ್‌ನಿಂದ, ಬ್ಲೇಡುಗಳನ್ನು ನಡುವೆ ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟ್‌ವರೆಗಿನ ಅಂತರದಲ್ಲಿ ವ್ಯತ್ಯಾಸವಿದ್ದರೆ ಅದನ್ನು ನುಂಗುವವರು ಯಾರೂ ಇಲ್ಲ. ಸೆಂಟರ್ ಬೋಲ್ಟ್‌ನ ತಲೆ ಆಕ್ಸಲ್ ಮೇಲಿನ ಸೀಟಿನ ತೂತಿನಲ್ಲಿ ಕೂರುತ್ತದೆ, ಆಕ್ಸಲ್ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಅದೊಂದೇ. ಅಂದರೆ ಯಾವ ಅಳತೆ ತಪ್ಪಿದರೂ ನಡೆಯುತ್ತಿತ್ತೋ ಅದನ್ನು ನಾನು ಎರಡೆರಡು ಬಾರಿ ಅಳೆದು, ಯಾವುದು ಕೂದಲೆಳೆಯಷ್ಟೂ ತಪ್ಪಬಾರದಿತ್ತೋ ಅದಕ್ಕೆ ಟೇಪನ್ನೇ ಹಿಡಿದಿರಲಿಲ್ಲ. ನಾನು ತಂದದ್ದು ಬೇರೊಂದು ಮಾದರಿಯ ಗಾಡಿಯದು, ಅದರ ಸೆಂಟರ್ ಬೋಲ್ಟ್ ಸುಮಾರು 10 ಮಿ.ಮೀ. ಮುಂದಿತ್ತು.

ಹತ್ತು ಮಿಲಿಮೀಟರ್ ಏನು ಮಹಾ ಎಂದು ತಮಗೆ ಅನ್ನಿಸಬಹುದು. ಎರಡು ಚಕ್ರಗಳ ನಡುವೆ ಸುಮಾರು 1,400 ಮಿ.ಮೀ. ಇರುವ ಆಕ್ಸಲ್‌ನ ಒಂದು ತುದಿ 10 ಮಿ.ಮೀ. ಮುಂದೆ ಹೋದರೆ ಆಕ್ಸಲ್ ಸುಮಾರು 0.4 ಡಿಗ್ರಿ ಓರೆಯಾಗುತ್ತದೆ. ಆಗ ಹಿಂದಿನ ಚಕ್ರಗಳು ಗಾಡಿಯ ಬಾಲವನ್ನು ಬಲಕ್ಕೆ ತಳ್ಳುತ್ತವೆ, ಮೂತಿ ಎಡಕ್ಕೆ ತಿರುಗುತ್ತದೆ, ಚಾಲಕ ಸ್ಟೇರಿಂಗನ್ನು ಸದಾ ಬಲಕ್ಕೆ ಹಿಡಿದುಕೊಂಡಿರಬೇಕಾಗುತ್ತದೆ. ಹಿಂದೆ ಬರುವವರಿಗೆ ಗಾಡಿ ಏಡಿಯ ಹಾಗೆ ಓರೆಯಾಗಿ ಹೋಗುತ್ತಿರುವುದು ಕಾಣುತ್ತದೆ. ನನಗಂತೂ ಹಾಗೆಂದು ಯಾರೂ ಹೇಳಲಿಲ್ಲ.

ಬದಲಿಗೆ ನಾನು ಅಲೈನ್‌ಮೆಂಟ್ ಮಾಡಿಸಿದೆ. ಅವರು ಮುಂದಿನ ಚಕ್ರಗಳನ್ನು ಸರಿಪಡಿಸಿ ಕಳುಹಿಸಿದರು, ಏಕೆಂದರೆ ಇಂತಹ ಗಟ್ಟಿ ಆಕ್ಸಲ್‌ನಲ್ಲಿ ತಿರುಗಿಸಿ ಸರಿಪಡಿಸುವಂಥದ್ದು ಹಿಂದೆ ಏನೂ ಇರುವುದಿಲ್ಲ. ಎಳೆತ ಹಾಗೆಯೇ ಉಳಿಯಿತು. ಸ್ಟೇರಿಂಗಿನ ಟೈ ರಾಡ್ ಎಂಡ್ ಬದಲಿಸಿದೆ, ಶಾಕ್ ಬದಲಿಸಿದೆ, ಟೈರ್‌ಗಳನ್ನು ಅದಲುಬದಲು ಮಾಡಿದೆ. ಹೊಸ ಬ್ಲೇಡ್ ಜೋಡಿಗೆ ಹಾಕದೆ ಉಳಿಸಿದ ಹಣವೆಲ್ಲ ಹೀಗೆ ಹೋಯಿತು. ಕೊನೆಗೆ ಬೇಲೂರಿನಲ್ಲಿ ಬ್ಲೇಡ್ ಕೆಲಸವನ್ನೇ ಮಾಡುವ ಹಿರಿಯ ಮೇಸ್ತ್ರಿಯೊಬ್ಬರು ಗಾಡಿಯ ಕೆಳಗೆ ನುಗ್ಗುವ ಮೊದಲೇ, "ಸ್ವಾಮಿ, ಆ ಟೇಪ್ ತುದಿ ಹಿಡ್ಕೊಳಿ" ಎಂದು ನನ್ನನ್ನು ಮುಂದಿನ ಚಕ್ರದ ಬಳಿ ಕೂರಿಸಿದರು. ಎರಡು ಬದಿ ಅಳೆದ ಮೇಲೆ ಅವರು ಬೇರೇನನ್ನೂ ನೋಡಲಿಲ್ಲ.

ಆದ್ದರಿಂದ ತಾವೂ ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಖಾಲಿ ಗಾಡಿಯನ್ನು ನಿಲ್ಲಿಸಿ, ಸ್ಟೇರಿಂಗ್ ನೇರವಾಗಿರಿಸಿ, ಮುಂದಿನ ಹಬ್‌ನ ನಡುವಿನಿಂದ ಹಿಂದಿನ ಹಬ್‌ನ ನಡುವಿನವರೆಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಳೆಯಿರಿ. ಗಾಡಿ ಯಾವ ಬದಿಗೆ ಎಳೆಯುತ್ತದೆಯೋ ಆ ಬದಿಯ ಅಂತರ ಕಡಿಮೆ ಬಂದರೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ. ಅನಂತರ ಎರಡೂ ಬದಿಯಲ್ಲಿ ಮುಂದಿನ ಬುಷ್‌ನಿಂದ ಸೆಂಟರ್ ಬೋಲ್ಟ್‌ವರೆಗೆ ಅಳೆಯಿರಿ. ಅದು ಸಮವಾಗಿದ್ದರೆ ಬೋಲ್ಟ್‌ನ ತಲೆ ಸೀಟಿನ ತೂತಿನಲ್ಲಿ ಬಿಗಿಯಾಗಿ ಕೂತಿದೆಯೇ, ಇಲ್ಲ ತಲೆ ಚಿಕ್ಕದಾಗಿ ಒಳಗೆ ಆಡುತ್ತಿದೆಯೇ ಎಂದು ನೋಡಬೇಕು. ಸಿಕ್ಕಿದ ಬೋಲ್ಟನ್ನು ಹಾಕಿ, ಬ್ಲೇಡ್ ಸೆಟ್ಟನ್ನು ಆಕ್ಸಲ್‌ಗೆ ಕಟ್ಟಿಹಿಡಿಯುವ ಯು ಬೋಲ್ಟ್ ಬಿಗಿದುಬಿಡುವ ಅಭ್ಯಾಸ ನಮ್ಮ ಕಡೆ ಬಹಳ. ಬಿಗಿಯಾದ ತಲೆಯನ್ನು ಕೂರಿಸಲು ಸೀಟಿನ ತೂತನ್ನೇ ಗ್ರೈಂಡ್ ಮಾಡಿ ದೊಡ್ಡದು ಮಾಡಿದವರನ್ನೂ ಕಂಡಿದ್ದೇನೆ.

ಟಕ್ ಎನ್ನುವ ಸದ್ದಿಗೆ ಬೇರೆ ಕಾರಣವಿರಬಹುದು. ಹೊಸದಾಗಿ ಬಂದ ಸೆಟ್ಟಿನ ಕಮಾನು ಹೆಚ್ಚಿದ್ದರೆ ಖಾಲಿ ಗಾಡಿಯಲ್ಲಿ ಆ ಬದಿಯ ಶಾಕ್ ಆಗಲೇ ಪೂರ್ತಿ ಎಳೆದುಕೊಂಡಿರುತ್ತದೆ, ಹಂಪ್ ಇಳಿಯುವಾಗ ಅದಕ್ಕೆ ಇನ್ನೂ ಉದ್ದವಾಗಲು ಜಾಗವಿಲ್ಲದೆ ಬಡಿಯುತ್ತದೆ. ಇಂಥಲ್ಲಿ ಹೊಸ ಶಾಕ್ ಹಾಕಿದರೆ ಅದೂ ಬೇಗ ಕೆಡುತ್ತದೆ. ಗಾಡಿಯನ್ನು ಜಾಕ್ ಮೇಲೆ ನೇತುಹಾಕಿದ ಸ್ಥಿತಿಯಲ್ಲಿಯೇ ಬುಷ್ ಬೋಲ್ಟ್‌ಗಳನ್ನು ಪೂರ್ತಿ ಬಿಗಿದಿದ್ದರೂ ತೊಂದರೆಯೇ. ಕೆಳಗಿಳಿಸಿದೊಡನೆ ರಬ್ಬರ್ ಬುಷ್ ತಿರುಚಿಕೊಂಡು, ಕೆಲಕಾಲದಲ್ಲಿ ಹರಿದುಹೋಗುತ್ತದೆ. ಚಕ್ರಗಳು ನೆಲ ಮುಟ್ಟಿ ಗಾಡಿಯ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿತ ಕೊಡಬೇಕು.

ಹಳೆಯ ಭಾಗಗಳಲ್ಲಿ ಯಾವುದು ಒಳ್ಳೆಯದು ಎಂದೂ ಕೇಳಿದ್ದೀರಿ. ಆ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯು ಬೋಲ್ಟ್, ಅದರ ನಟ್, ಸೆಂಟರ್ ಬೋಲ್ಟ್, ರಬ್ಬರ್ ಬುಷ್, ಶಾಕ್ ಇವನ್ನು ಹಳೆಯದಾಗಿ ಕೊಳ್ಳಲೇಬಾರದು. ಯು ಬೋಲ್ಟ್ ಬಿಗಿಯುವಾಗಲೇ ಹಿಗ್ಗಿ ಹಿಡಿತ ಕೊಡುವ ವಸ್ತು, ಒಮ್ಮೆ ಹಿಗ್ಗಿದ್ದು ಎರಡನೆಯ ಸಲ ಅದೇ ಹಿಡಿತ ಕೊಡುತ್ತದೆಂಬ ಭರವಸೆಯಿಲ್ಲ. ಹಿಡಿತ ಸಡಿಲವಾದರೆ ಬ್ಲೇಡು ಸೆಂಟರ್ ಬೋಲ್ಟ್‌ನ ತೂತಿನ ಬಳಿಯೇ ತುಂಡಾಗುತ್ತದೆ. ತಮ್ಮ ಮೊದಲ ಬ್ಲೇಡ್ ಎಲ್ಲಿ ತುಂಡಾಗಿತ್ತೆಂದು ನೆನಪಿಸಿಕೊಳ್ಳಿ, ನನ್ನದು ಅಲ್ಲೇ ಆಗಿತ್ತು. ಬ್ಲೇಡನ್ನು ಹಳೆಯದೇ ಕೊಳ್ಳಲೇಬೇಕಾದರೆ ಒಂದೇ ಗಾಡಿಯಿಂದ ಬಿಚ್ಚಿದ ಎಡಬಲದ ಜೋಡಿಯಾಗಿರಲಿ, ಕಾಯಿಸಿ ಬಗ್ಗಿಸಿ ಕಮಾನು ಎತ್ತಿದ್ದು ಆಗಿರಬಾರದು, ಏಕೆಂದರೆ ಮತ್ತೆ ಸರಿಯಾಗಿ ಹದ ಕೊಡದ ಉಕ್ಕು ಭಾರಕ್ಕೆ ಬೇಗ ಕುಸಿಯುತ್ತದೆ.

ಬ್ಲೇಡ್ ಬದಲಿಸಿದವರು ಮರೆಯುವ ಇನ್ನೊಂದು ಸಂಗತಿ ಬ್ರೇಕಿನದು. ಕೆಲವು ಪಿಕಪ್‌ಗಳಲ್ಲಿ ಚಾಸಿಸ್‌ಗೂ ಹಿಂದಿನ ಆಕ್ಸಲ್‌ಗೂ ನಡುವೆ ಕಡ್ಡಿಯೊಂದರಿಂದ ಜೋಡಿಸಿದ ಎಲ್‌ಎಸ್‌ಪಿವಿ ಎಂಬ ವಾಲ್ವ್ ಇರುತ್ತದೆ. ಹಿಂಭಾಗ ಎಷ್ಟು ತಗ್ಗಿದೆ ಎನ್ನುವುದರ ಮೇಲೆ ಅದು ಭಾರವನ್ನು ಅಂದಾಜು ಮಾಡಿ ಹಿಂದಿನ ಬ್ರೇಕಿಗೆ ಒತ್ತಡ ಕಳುಹಿಸುತ್ತದೆ. ಕಮಾನು ಹೆಚ್ಚಿ ಹಿಂಭಾಗ ಎತ್ತರವಾದರೆ, ಲೋಡ್ ಇದ್ದರೂ ಗಾಡಿ ಖಾಲಿಯಿದೆಯೆಂದು ತಿಳಿದು ಹಿಂದಿನ ಬ್ರೇಕಿಗೆ ಕಡಿಮೆ ಒತ್ತಡ ಕೊಡುತ್ತದೆ. ತಮ್ಮ ಗಾಡಿಯಲ್ಲಿ ಆ ಕಡ್ಡಿ ಇದ್ದರೆ ಬ್ಲೇಡ್ ಸರಿಪಡಿಸಿದ ಮೇಲೆ ಅದನ್ನೂ ಹೊಂದಿಸಿಕೊಡುವಂತೆ ಕೇಳಿ. ಹೊಸ ಯು ಬೋಲ್ಟ್‌ಗಳ ನಟ್‌ಗೆ ಪೇಂಟ್ ಗುರುತು ಹಾಕಿಸಿ, ಒಂದೆರಡು ಲೋಡ್ ಬಯಲುಸೀಮೆಯ ರಸ್ತೆಯಲ್ಲಿ ಓಡಿಸಿ, ಮತ್ತೊಮ್ಮೆ ಬಿಗಿಸಿಕೊಳ್ಳಿ. ಇಷ್ಟೆಲ್ಲ ಮುಗಿಯುವ ಮೊದಲೇ ಚಾರ್ಮಾಡಿ ಘಾಟಿ ಇಳಿಯುವ ಬಾಡಿಗೆ ಬಂದರೆ ಅದನ್ನು ಬೇರೆಯವರಿಗೆ ಬಿಟ್ಟುಕೊಡಿ.