ಕುದುರೆಯ ಹಲ್ಲು, ಗೂಬೆಯ ಬುದ್ಧಿ

ಮಾನ್ಯ ಓದುಗರಿಗೆ ನಮಸ್ಕಾರ.

ಕಳೆದ ಸಂಚಿಕೆಯ ಅನುವಾದಿತ ಕಥೆಯಲ್ಲಿ ಅಜ್ಜಿ ಮೊಮ್ಮಗನಿಗೆ ‘ಉಡುಗೊರೆ ಕುದುರೆಯ ಬಾಯಿ ನೋಡಬೇಡ’ ಅನ್ನುತ್ತಾಳೆ. ಕಥೆಯಲ್ಲಿ ಕುದುರೆಯೇ ಇಲ್ಲವಲ್ಲ, ಇದೆಲ್ಲಿಂದ ಬಂತು ಎಂದು ಕೇಳಿದ್ದೀರಿ. ಹೈಸ್ಕೂಲಿನಲ್ಲಿ ಓದುವ ಮಗಳಿಗೆ ಬಾಯಿಪಾಠ ಮಾಡಿಸಲು, ಪ್ರಾಣಿಗಳ ಹೆಸರಿರುವ ಇಂಗ್ಲಿಷ್ ನುಡಿಗಟ್ಟುಗಳ ಪಟ್ಟಿಯನ್ನೂ ಕೇಳಿದ್ದೀರಿ. ಮೊದಲನೆಯದು ನಮ್ಮ ತಪ್ಪು. ಆ ವಾಕ್ಯ ನನ್ನ ಕಣ್ಣೆದುರಿಗೇ ಅಚ್ಚಿಗೆ ಹೋಯಿತು, ತಿದ್ದಬೇಕಿತ್ತು. ಪಟ್ಟಿಯನ್ನು ಮಾತ್ರ ಕೊಡಲಾರೆ. ಪಟ್ಟಿಯಲ್ಲಿ ಅರ್ಥ ಇರುತ್ತದೆ, ಪ್ರಾಣಿ ಇರುವುದಿಲ್ಲ. ಪ್ರಾಣಿ ಏನು ಮಾಡುತ್ತಿತ್ತು ಎಂದು ಒಮ್ಮೆ ಕಂಡರೆ ಅರ್ಥವನ್ನು ಉರು ಹೊಡೆಯುವ ಕೆಲಸವೇ ಇಲ್ಲ.

ಆ ಕುದುರೆಯನ್ನೇ ನೋಡಿ. ಕುದುರೆ ಕೊಳ್ಳುವವರು ಅದರ ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ಐದು ವರ್ಷದ ಹೊತ್ತಿಗೆ ಹಾಲುಹಲ್ಲು ಬಿದ್ದು ಬಾಚಿಹಲ್ಲುಗಳೆಲ್ಲ ಬಂದಿರುತ್ತವೆ. ಆಮೇಲೆ ಅವುಗಳ ಮೇಲಿನ ಕುಳಿಗಳು ಸವೆಯುತ್ತ ಹೋಗುತ್ತವೆ. ಹತ್ತನೇ ವರ್ಷದ ಸುಮಾರಿಗೆ ಮೇಲ್ದವಡೆಯ ಮೂಲೆಯ ಬಾಚಿಹಲ್ಲಿನಲ್ಲಿ, ಒಸಡಿನ ಹತ್ತಿರ, ಕಂದು ಗೀರೊಂದು ಕಾಣಿಸಿಕೊಳ್ಳುತ್ತದೆ. ಇಪ್ಪತ್ತರ ಹೊತ್ತಿಗೆ ಅದು ಹಲ್ಲಿನ ತುದಿ ಮುಟ್ಟುತ್ತದೆ. ಮುದಿಕುದುರೆಯ ಹಲ್ಲು ಉದ್ದವಾಗಿ ಕಾಣುತ್ತದೆ, ಮುಂದಕ್ಕೆ ಚಾಚಿರುತ್ತದೆ. ಮಾರುವವನು ವಯಸ್ಸನ್ನು ಎಷ್ಟೇ ಇಳಿಸಿ ಹೇಳಲಿ, ಬಾಯಿ ತೆರೆಸಿದರೆ ಗೊತ್ತಾಗಿಬಿಡುತ್ತದೆ. ಪುಕ್ಕಟೆ ಬಂದ ಕುದುರೆಗೆ ಈ ತಪಾಸಣೆ ಬೇಡ ಎಂಬುದೇ ಮಾತಿನ ತಿರುಳು. ಇದು ಇಂಗ್ಲಿಷಿನಲ್ಲಿ ಹುಟ್ಟಿದ್ದೂ ಅಲ್ಲ. ಕ್ರಿ.ಶ. ನಾಲ್ಕನೇ ಶತಮಾನದ ಕೊನೆಯಲ್ಲಿ ಸಂತ ಜೆರೋಮ್ ಲ್ಯಾಟಿನ್ನಿನಲ್ಲಿ ಬರೆಯುವಾಗಲೇ ಇದನ್ನು ಜನರ ಗಾದೆಯೆಂದು ಹೇಳಿದ್ದಾನೆ. ಜಾನ್ ಹೇವುಡ್ 1546ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗಾದೆಗಳ ಸಂಗ್ರಹದಲ್ಲೂ ಇದೆ.

ಹಲ್ಲಿನ ಗುಟ್ಟು ತಿಳಿದ ಮೇಲೆ ‘ಲಾಂಗ್ ಇನ್ ದ ಟೂತ್’ ಎಂದರೆ ವಯಸ್ಸಾದವರು ಎಂದು ನಿಮ್ಮ ಮಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ‘ಸ್ಟ್ರೈಟ್ ಫ್ರಮ್ ದ ಹಾರ್ಸಸ್ ಮೌತ್’ ರೇಸ್ ಮೈದಾನದ ಮಾತು. ಯಾವ ಕುದುರೆ ಗೆಲ್ಲುತ್ತದೆ ಎಂಬುದನ್ನು ಕುದುರೆಯೇ ಬಾಯಿಬಿಟ್ಟು ಹೇಳಿದಷ್ಟು ಖಚಿತವಾದ ಸುದ್ದಿ ಎಂದರ್ಥ. ‘ಡಾರ್ಕ್ ಹಾರ್ಸ್’ ಕೂಡ ಅಲ್ಲಿಯದೇ. 1831ರಲ್ಲಿ ಇಂಗ್ಲಿಷ್ ಲೇಖಕ ಡಿಸ್ರೇಲಿ ಬರೆದ ಕಾದಂಬರಿಯೊಂದರ ರೇಸಿನಲ್ಲಿ, ಯಾರ ಲೆಕ್ಕಕ್ಕೂ ಇಲ್ಲದ ಕುದುರೆ ಎಲ್ಲರನ್ನೂ ಹಿಂದಿಕ್ಕಿ ಗೆಲ್ಲುತ್ತದೆ. ಇಲ್ಲಿ ‘ಡಾರ್ಕ್’ ಬಣ್ಣವಲ್ಲ, ಅದರ ಬಗ್ಗೆ ಯಾರಿಗೂ ಏನೂ ಗೊತ್ತಿರಲಿಲ್ಲ ಎಂಬುದು. ‘ಕಪ್ಪು ಕುದುರೆ’ ಎಂದು ಬರೆದರೆ ಆ ಮಾತಿನ ಜೀವವೇ ಹೋಗುತ್ತದೆ.

ಪದಕ್ಕೆ ಪದ ಇಟ್ಟರೆ ಆಗುವ ಕೇಡಿಗೆ ಗೂಬೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಗ್ರೀಕರಲ್ಲಿ ಅದು ವಿವೇಕದ ದೇವತೆ ಅಥೀನಾಳ ಹಕ್ಕಿ, ಹಾಗಾಗಿ ಇಂಗ್ಲಿಷಿನವರು ಬುದ್ಧಿವಂತನನ್ನು ‘ವೈಸ್ ಆ್ಯಸ್ ಆ್ಯನ್ ಔಲ್’ ಅನ್ನುತ್ತಾರೆ. ನಾವೋ ಪೆದ್ದನನ್ನು ಗೂಬೆ ಎಂದು ಬೈಯುತ್ತೇವೆ, ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ಗೂಬೆ ಕೂರಿಸುವುದು ಅನ್ನುತ್ತೇವೆ. ‘ಅವರು ಗೂಬೆಯಷ್ಟು ಬುದ್ಧಿವಂತರು’ ಎಂದು ಅನುವಾದಿಸಿದರೆ ಹೊಗಳಿಕೆ ಹೋಗಿ ಬೈಗುಳವಾಗುತ್ತದೆ. ಬಿಳಿಯಾನೆಯದೂ ಇದೇ ಪಾಡು. ನಮಗೆ ಥಟ್ಟನೆ ನೆನಪಾಗುವುದು ಇಂದ್ರನ ಐರಾವತ. ಇಂಗ್ಲಿಷಿನಲ್ಲಿ ಅದು ಸಾಕಲೂ ಆಗದ, ಬಿಡಲೂ ಆಗದ ಹೊರೆ. ಸಯಾಮಿನ, ಅಂದರೆ ಈಗಿನ ಥಾಯ್ಲೆಂಡಿನ, ಅರಸರು ತಮಗಾಗದವರಿಗೆ ಬಿಳಿಯಾನೆ ಕೊಟ್ಟು, ಅದನ್ನು ಸಾಕುವ ಖರ್ಚಿನಲ್ಲೇ ಅವರನ್ನು ಮುಳುಗಿಸುತ್ತಿದ್ದರು ಎಂಬ ಕಥೆ ಅದರ ಹಿಂದಿದೆ.

ನಾಯಿಯ ವಿಷಯದಲ್ಲಿ ಮಾತ್ರ ಎರಡೂ ಭಾಷೆಗಳಿಗೆ ಒಮ್ಮತ. ‘ಎ ಡಾಗ್ಸ್ ಲೈಫ್’ ಅಂದರೆ ನಮ್ಮ ನಾಯಿಪಾಡು, ಅಕ್ಷರಕ್ಕೆ ಅಕ್ಷರ.

‘ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ಬಗ್ಗೆ ಒಂದು ಎಚ್ಚರಿಕೆ. ಹುಲ್ಲಿನ ಮಾಡಿನಲ್ಲಿ ಮಲಗುತ್ತಿದ್ದ ಬೆಕ್ಕು ನಾಯಿಗಳು ಮಳೆಗೆ ಜಾರಿ ಬೀಳುತ್ತಿದ್ದವು ಎಂದು ನಿಮ್ಮ ಮಗಳ ಟಿಪ್ಪಣಿ ಪುಸ್ತಕದಲ್ಲಿದೆ ಎಂದು ಬರೆದಿದ್ದೀರಿ. ದಯವಿಟ್ಟು ಅದನ್ನು ಹೊಡೆದುಹಾಕಲು ಹೇಳಿ. ಅದಕ್ಕೆ ಆಧಾರವಿಲ್ಲ, ಯಾರೋ ಕಟ್ಟಿ ಹರಿಯಬಿಟ್ಟ ಕಥೆ. ಕನ್ನಡಕ್ಕೆ ತರುವಾಗ ಬೆಕ್ಕೂ ಬೇಡ, ನಾಯಿಯೂ ಬೇಡ. ಕುಂಭದ್ರೋಣ ಮಳೆ ಎಂಬಂಥ ತುಂಬಿದ ಮಾತು ನಮ್ಮಲ್ಲೇ ಇದೆ.

ಹಾಗಾದರೆ ಇಂಗ್ಲಿಷಿಗೆ ಪದಕ್ಕೆ ಪದ ಇಟ್ಟಂತಿರುವ ಮೊಸಳೆ ಕಣ್ಣೀರು, ಸಿಂಹಪಾಲು ಕೂಡ ತಪ್ಪೇ ಎಂದು ನೀವು ಕೇಳಬಹುದು. ತಪ್ಪಲ್ಲ. ಅವನ್ನು ಕೇಳಿದವರು ಯಾರೂ ಅರ್ಥವಾಗದೆ ತಡವರಿಸುವುದಿಲ್ಲ, ನನಗೆ ಅಷ್ಟು ಸಾಕು. ಅದರಲ್ಲೂ ಮೊಸಳೆಯ ಕಣ್ಣೀರು ಬರೀ ಕಲ್ಪನೆಯಲ್ಲ. ಫ್ಲಾರಿಡಾದ ಪ್ರಾಣಿವಿಜ್ಞಾನಿ ಕೆಂಟ್ ವ್ಲೀಟ್ ಅವರು ಮೊಸಳೆಯ ಹತ್ತಿರದ ಜಾತಿಯ ಏಳು ಪ್ರಾಣಿಗಳು ನೆಲದ ಮೇಲೆ ಆಹಾರ ತಿನ್ನುವುದನ್ನು ಚಿತ್ರೀಕರಿಸಿದಾಗ, ಐದರ ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು. ದುಃಖಕ್ಕಲ್ಲ, ತಿನ್ನುವುದರ ಜೊತೆಗೆ ಬಂದದ್ದು.

ಇನ್ನು ಆ ಅಜ್ಜಿ. ಅವಳ ಬಾಯಿಗೆ ಕುದುರೆ ಬೇಕಿರಲಿಲ್ಲ. ‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಎಂದಿದ್ದರೆ ಮೊಮ್ಮಗನಿಗೂ ತಟ್ಟುತ್ತಿತ್ತು, ನಿಮಗೂ ಗೊಂದಲವಾಗುತ್ತಿರಲಿಲ್ಲ. ಇಂಗ್ಲಿಷ್ ಮಾತು ಬುದ್ಧಿ ಹೇಳುತ್ತದೆ, ನಮ್ಮದು ಸ್ವಲ್ಪ ಚುಚ್ಚುತ್ತದೆ. ಆ ಅಜ್ಜಿಯ ಸ್ವಭಾವಕ್ಕೆ ಚುಚ್ಚುವುದೇ ಸರಿ. ಅನುವಾದಕರಿಗೆ ಹೀಗೆಂದು ನಿನ್ನೆಯೇ ಬರೆದಿದ್ದೇನೆ, ಕಥೆ ಸಂಕಲನಕ್ಕೆ ಹೋಗುವಾಗ ಆ ಸಾಲು ಬದಲಾಗಿರುತ್ತದೆ.

– ಸಂಪಾದಕ