ಒಪ್ಪಂದಕ್ಕೆ ಸಹಿ ಹಾಕಿದವರೂ ಹಾಕದವರೂ

ಪ್ರಶ್ನೆ: 1914ರಲ್ಲಿ ಸರಾಯೆವೊದಲ್ಲಿ ನಡೆದ ಆಸ್ಟ್ರಿಯಾದ ಯುವರಾಜನ ಕೊಲೆ ಮೊದಲ ಮಹಾಯುದ್ಧವಾಗಿ ಬೆಳೆದದ್ದು ಮೈತ್ರಿ ಒಪ್ಪಂದಗಳಿಂದ ಎಂದು ಮಗಳ ಪಠ್ಯಪುಸ್ತಕದಲ್ಲಿದೆ. ಒಪ್ಪಂದವಿದ್ದ ಮಾತ್ರಕ್ಕೆ ಯುದ್ಧಕ್ಕೆ ಇಳಿಯಲೇಬೇಕಿತ್ತೆ? ಯಾವ ಕೂಟಕ್ಕೂ ಸೇರದ ನಮ್ಮ ಮೈಸೂರಿನ ಸೈನಿಕರು ಇಂದಿನ ಇಸ್ರೇಲಿನ ಹೈಫಾದಲ್ಲಿ ಕಾದಾಡಿದ್ದೇಕೆ?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ಪಠ್ಯಪುಸ್ತಕ ಹೇಳುವುದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಜರ್ಮನಿ, ಆಸ್ಟ್ರಿಯಾ-ಹಂಗೇರಿ ಮತ್ತು ಇಟಲಿ 1882ರಲ್ಲಿ ಮಾಡಿಕೊಂಡ ತ್ರಿಮೈತ್ರಿ ಕೂಟವನ್ನೇ ನೋಡಿ. ಅದು ಆತ್ಮರಕ್ಷಣೆಗಾಗಿ ಮಾಡಿಕೊಂಡ ಒಪ್ಪಂದ. ಕೊಲೆಯ ಹೊಣೆ ಹೊರಿಸಿ ಆಸ್ಟ್ರಿಯಾ ತಾನೇ ಮುಂದಾಗಿ ಸರ್ಬಿಯಾದ ಮೇಲೆ ಯುದ್ಧ ಸಾರಿರುವುದರಿಂದ ತನಗೆ ಹೊಣೆಯಿಲ್ಲವೆಂದು ಇಟಲಿ 1914ರಲ್ಲಿ ತಟಸ್ಥವಾಗಿ ಉಳಿಯಿತು, ಮರುವರ್ಷ ಲಂಡನ್ನಿನಲ್ಲಿ ಗುಟ್ಟಾಗಿ ಭೂಪ್ರದೇಶಗಳ ಆಶ್ವಾಸನೆ ಪಡೆದು ಎದುರು ಪಕ್ಷವನ್ನೇ ಸೇರಿತು. ಇತ್ತ ರಷ್ಯಾವಾದರೋ ಸರ್ಬಿಯಾವನ್ನು ಕಾಯುತ್ತೇನೆಂದು ಯಾವ ಕರಾರಿಗೂ ಸಹಿ ಹಾಕಿರಲಿಲ್ಲ. ಬಾಲ್ಕನ್ನಿನಲ್ಲಿ ತನ್ನ ಮಾತಿಗೆ ಬೆಲೆಯಿಲ್ಲದಂತಾದೀತೆಂಬ ಅಂಜಿಕೆಯೇ ಅದನ್ನು ಮುಂದೆ ತಳ್ಳಿತು. ಬ್ರಿಟನ್ ಮತ್ತು ಫ್ರಾನ್ಸ್ 1904ರಲ್ಲಿ ಮಾಡಿಕೊಂಡದ್ದು ಮುಖ್ಯವಾಗಿ ಈಜಿಪ್ಟ್, ಮೊರಾಕೊಗಳಂಥ ವಸಾಹತು ತಕರಾರುಗಳ ಇತ್ಯರ್ಥವೇ ಹೊರತು, ಯುದ್ಧದಲ್ಲಿ ಜೊತೆಗೂಡುವ ವಚನವಲ್ಲ.

ಹಾಗಾದರೆ ಎಳೆದದ್ದು ಯಾವುದು? ನನ್ನ ಮಟ್ಟಿಗೆ, ಒಪ್ಪಂದಗಳನ್ನು ನಂಬಿ ಸೇನಾ ಕಚೇರಿಗಳು ಮೊದಲೇ ಸಿದ್ಧಪಡಿಸಿಟ್ಟ ಯೋಜನೆಗಳು. ರಷ್ಯಾ ಮತ್ತು ಫ್ರಾನ್ಸ್ 1894ರಿಂದ ಜೊತೆಗಿದ್ದುದರಿಂದ, ರಷ್ಯಾದೊಡನೆ ಯುದ್ಧವೆಂದರೆ ಫ್ರಾನ್ಸಿನೊಡನೆಯೂ ಯುದ್ಧವೆಂದೇ ಜರ್ಮನಿ ಲೆಕ್ಕ ಹಾಕಿತ್ತು. ರಷ್ಯಾದ ಸೇನೆ ಪೂರ್ತಿ ಜಮಾಯಿಸುವುದರೊಳಗೆ ಬೆಲ್ಜಿಯಂ ಮಾರ್ಗವಾಗಿ ನುಗ್ಗಿ ಸುಮಾರು ಆರು ವಾರಗಳಲ್ಲಿ ಫ್ರಾನ್ಸನ್ನು ಮಣಿಸಬೇಕೆಂಬುದು ಅದರ ಹಂಚಿಕೆ. ಆಗಸ್ಟ್ 1ರ ಸಂಜೆ, ಬ್ರಿಟನ್ನೂ ಫ್ರಾನ್ಸೂ ಯುದ್ಧದಿಂದ ದೂರ ಉಳಿಯಬಹುದೆಂಬ ಸುದ್ದಿ ಬಂದಾಗ, ಜರ್ಮನಿಯ ಚಕ್ರವರ್ತಿ ಕೈಸರ್ ಎರಡನೆಯ ವಿಲ್ಹೆಲ್ಮ್ ಹಿಗ್ಗಿ, ಸೇನೆಯನ್ನೆಲ್ಲ ಪೂರ್ವಕ್ಕೆ ತಿರುಗಿಸಿರೆಂದು ಸೇನಾ ಮುಖ್ಯಸ್ಥ ಮೋಲ್ಟ್ಕೆಗೆ ಹೇಳಿದ. ಲಕ್ಷಗಟ್ಟಲೆ ಸೈನಿಕರ ರೈಲು ಸಾಗಣೆಯ ವ್ಯವಸ್ಥೆಯನ್ನು ರಾತ್ರಿ ಬೆಳಗಾಗುವುದರೊಳಗೆ ಬದಲಿಸಲಾಗದೆಂದು ಮೋಲ್ಟ್ಕೆ ಪಟ್ಟು ಹಿಡಿದ. ಸುದ್ದಿ ಕೆಲವೇ ಗಂಟೆಗಳಲ್ಲಿ ಹುಸಿಯಾಯಿತೆನ್ನಿ. ಆಗಸ್ಟ್ 4ರಂದು ಜರ್ಮನಿ ಬೆಲ್ಜಿಯಂಗೆ ಕಾಲಿಟ್ಟಿತು; ಆ ದೇಶದ ತಟಸ್ಥತೆಗೆ 1839ರಲ್ಲಿ ಜಾಮೀನು ನಿಂತಿದ್ದ ಬ್ರಿಟನ್ ಅದೇ ದಿನ ಯುದ್ಧ ಸಾರಿತು. ಫ್ರಾನ್ಸ್ ಸೋತರೆ ಇಂಗ್ಲಿಷ್ ಕಾಲುವೆಯ ಆಚೆ ದಡ ಜರ್ಮನಿಯ ಪಾಲಾದೀತೆಂಬ ಭಯವೂ ಲಂಡನ್ನಿನಲ್ಲಿ ಕಡಿಮೆಯಿರಲಿಲ್ಲ.

ಇನ್ನು ಮೈಸೂರಿನ ಮಾತು. ನಮ್ಮ ಹಾಸನವೂ, ಆಗ ಕಡೂರು ಜಿಲ್ಲೆಯೆನಿಸಿಕೊಂಡಿದ್ದ ಚಿಕ್ಕಮಗಳೂರೂ ಸೇರಿದ್ದ ಮೈಸೂರು ಸಂಸ್ಥಾನ 1799ರಿಂದಲೇ ಬ್ರಿಟಿಷರ ಸೈನ್ಯದ ರಕ್ಷಣೆಗೆ ಪ್ರತಿಯಾಗಿ ಅವರ ಅಧೀನಕ್ಕೆ ಬರುವ ಸಹಾಯಕ ಸೈನ್ಯ ಪದ್ಧತಿಗೆ ಒಳಪಟ್ಟಿತ್ತು, ಹೊರದೇಶಗಳೊಡನೆ ವ್ಯವಹರಿಸುವ ಅಧಿಕಾರ ಅದಕ್ಕಿರಲಿಲ್ಲ. ಇಟಲಿಯಂತೆ ಕರಾರಿನ ವಾಕ್ಯಗಳನ್ನು ಮುಂದಿಟ್ಟು ಹಿಂದೆ ಸರಿಯುವ ಸ್ವಾತಂತ್ರ್ಯ ನಮಗೆಲ್ಲಿಯದು? ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರು ಲ್ಯಾನ್ಸರ್ಸ್ ಅಶ್ವದಳ ಸೂಯೆಜ್ ಕಾಲುವೆಯ ಕಾವಲಿಗೆ ಹೋಯಿತು. ತುರ್ಕಿ 1914ರ ಆಗಸ್ಟ್ 2ರಂದು ಜರ್ಮನಿಯೊಡನೆ ರಹಸ್ಯ ಒಪ್ಪಂದ ಮಾಡಿಕೊಂಡಿದ್ದರಿಂದ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ಪಟ್ಟಣವನ್ನು ಗೆದ್ದ ನಮ್ಮವರಿಗೆ ಎದುರಾದದ್ದು ತುರ್ಕಿಯ ಸೇನೆ. ಕುದುರೆಯೇರಿದ ಆ ಹುಡುಗರಲ್ಲಿ ಒಬ್ಬನಾದರೂ ಆ ಒಪ್ಪಂದದ ಹೆಸರು ಕೇಳಿದ್ದನೆಂದು ನನಗನ್ನಿಸುವುದಿಲ್ಲ.

1939ರಲ್ಲೂ ನಮ್ಮನ್ನು ಕೇಳಿದವರಿಲ್ಲ. ಪೋಲೆಂಡಿಗೆ ಕೊಟ್ಟ ಮಾತಿನಂತೆ ಬ್ರಿಟನ್ ಸೆಪ್ಟೆಂಬರ್ 3ರಂದು ಯುದ್ಧ ಸಾರಿತು. ಭಾರತವೂ ಯುದ್ಧದಲ್ಲಿದೆಯೆಂದು ವೈಸರಾಯ್ ಲಿನ್‌ಲಿತ್‌ಗೋ ಅಂದೇ ಘೋಷಿಸಿದರು. ಯುರೋಪಿನ ಮಾರುಕಟ್ಟೆ ಕೈತಪ್ಪಿ ಕಾಫಿ ಕೇಳುವವರಿಲ್ಲದಂತಾದಾಗ ಸರ್ಕಾರ 1940ರಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಮಾರಾಟವನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ನಿಮ್ಮ ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರು 1990ರ ದಶಕದವರೆಗೂ ಫಸಲನ್ನು ಪೂಲಿಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ಸರ್ಕಾರಿ ವ್ಯವಸ್ಥೆಗೆ, ಒಪ್ಪಿಸುತ್ತಿದ್ದ ಪದ್ಧತಿಯ ಮೂಲ ಅಲ್ಲಿದೆ.