ಪೊಲೀಸ್ ಠಾಣೆಗೆ ಹೋಗುವ ಮೊದಲು ಕೇಸ್ ಶೀಟ್ ಕೇಳಿ

ತಂದೆಯವರ ಶಸ್ತ್ರಚಿಕಿತ್ಸೆ ಕೆಟ್ಟು ಇಪ್ಪತ್ತು ದಿನಗಳಾಗಿವೆ, ವೈದ್ಯರನ್ನು ಜೈಲಿಗೆ ಕಳಿಸಲು ಎಲ್ಲಿ ದೂರು ಕೊಡಬೇಕು ಎಂದು ಕೇಳಿದ್ದೀರಿ. 2016ರಲ್ಲಿ ಬಾಗಲಕೋಟೆಯಲ್ಲಿ ಇದೇ ಪ್ರಶ್ನೆ ಹಿಡಿದು ಅಲೆದವನು ನಾನು.

ನಮ್ಮ ಅವ್ವನಿಗೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪಿತ್ತಕೋಶದ ಕಲ್ಲಿಗೆ ಶಸ್ತ್ರಚಿಕಿತ್ಸೆಯಾಯಿತು. ಮರುದಿನ ರಾತ್ರಿ ಮೈ ಹಂಚಿನಂತೆ ಕಾದು, ಹೊಟ್ಟೆ ಉಬ್ಬಿತು. ನರ್ಸ್ ನನ್ನೆದುರಿಗೇ ಥರ್ಮಾಮೀಟರ್ ನೋಡಿ 103 ಎಂದರು. ಬೆಳಗಿನವರೆಗೆ ನಾನು ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕುಳಿತೆ. ನಾಲ್ಕು ದಿನವೂ ‘ಗ್ಯಾಸ್ ಆಗಿದೆ, ಇಳಿಯುತ್ತದೆ’ ಎಂಬ ಒಂದೇ ಉತ್ತರ. ಐದನೆಯ ದಿನ ಜಗಳವಾಡಿ ಮಿರಜಿಗೆ ಕರೆದೊಯ್ದೆವು. ಪಿತ್ತನಾಳಕ್ಕೆ ಗಾಯವಾಗಿ ಪಿತ್ತರಸ ಹೊಟ್ಟೆಯೊಳಗೆ ಸೋರುತ್ತಿರುವುದು ಅಲ್ಲಿ ತಿಳಿಯಿತು. ಅವ್ವ ಉಳಿದಳು, ಆದರೆ ಮೂರು ತಿಂಗಳು ಹಾಸಿಗೆಯಿಂದ ಏಳಲಿಲ್ಲ.

ನನ್ನ ತಪ್ಪು ನಡೆದದ್ದು ಆ ಐದನೆಯ ದಿನ. ಮಂಚಕ್ಕೆ ತೂಗುಹಾಕಿದ್ದ ಜ್ವರದ ಚಾರ್ಟನ್ನು ಕೈಯಲ್ಲಿ ಹಿಡಿದೇ ವೈದ್ಯರೊಂದಿಗೆ ವಾದಿಸಿದೆ. ಫೋನು ಜೇಬಿನಲ್ಲಿದ್ದರೂ ಅದರದೊಂದು ಫೋಟೊ ತೆಗೆಯಲಿಲ್ಲ, ಕೇಸ್ ಶೀಟಿನ, ಅಂದರೆ ಆಸ್ಪತ್ರೆ ಬರೆದಿಡುವ ಚಿಕಿತ್ಸೆಯ ಪೂರ್ತಿ ದಾಖಲೆಯ, ಪ್ರತಿ ಬೇಕೆಂದು ಬರೆದೂ ಕೊಡಲಿಲ್ಲ. ಹದಿನಾಲ್ಕು ತಿಂಗಳು ಪೊಲೀಸ್ ಠಾಣೆಗೆ ಅಲೆದು, ಕೊನೆಗೆ ವಕೀಲರ ಮೂಲಕ ಪ್ರತಿ ತರಿಸಿದಾಗ, ನಾಲ್ಕೂ ರಾತ್ರಿಗಳ ಮುಂದೆ 98.6 ಎಂದಿತ್ತು: ಒಂದೇ ನೀಲಿ ಪೆನ್ನು, ಒಂದೇ ಅಕ್ಷರ, ಒಂದೇ ಸಲ ಕೂತು ಬರೆದಂತೆ. ಆ ಕಾಗದ ಇಷ್ಟೇಕೆ ಮುಖ್ಯವೆಂದರೆ, ಪಿತ್ತನಾಳದ ಗಾಯ ಎಚ್ಚರದ ಕೈಯಲ್ಲೂ ಆಗಬಹುದು, ಅದೊಂದೇ ನಿರ್ಲಕ್ಷ್ಯವಾಗುವುದಿಲ್ಲ. ಜ್ವರ ಕಂಡ ಮೇಲೂ ನಾಲ್ಕು ದಿನ ಒಂದು ಸ್ಕ್ಯಾನ್ ಮಾಡಿಸದೆ ಬಿಟ್ಟದ್ದು ನಿರ್ಲಕ್ಷ್ಯ. ಜ್ವರವೇ ಇರಲಿಲ್ಲವೆಂದು ದಾಖಲೆ ಹೇಳುವಾಗ ನನ್ನ ಬಾಯಿಮಾತನ್ನು ಗ್ರಾಹಕರ ವೇದಿಕೆ ಒಪ್ಪಲಿಲ್ಲ.

ಆದ್ದರಿಂದ ಜೈಲಿನ ಮಾತನ್ನು ಬಿಡಿ ಎಂದೇ ನಾನು ಹೇಳುತ್ತೇನೆ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿರುವಂತೆ, ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ನಿಲ್ಲಬೇಕಾದರೆ ಘೋರ ನಿರ್ಲಕ್ಷ್ಯವೇ ಇರಬೇಕು, ಮೊದಲು ಬೇರೊಬ್ಬ ತಜ್ಞ ವೈದ್ಯರ ಅಭಿಪ್ರಾಯವೂ ಬೇಕು. ಹಣ ಕೊಟ್ಟು ಪಡೆದ ಚಿಕಿತ್ಸೆಗೆ ಜಿಲ್ಲಾ ಗ್ರಾಹಕರ ಆಯೋಗದ (ಹಿಂದಿನ ಗ್ರಾಹಕರ ವೇದಿಕೆಯ) ದಾರಿ ಇದೆ, ಅಲ್ಲಿ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ಆದರೆ ಆ ದಾರಿಗೂ ಕಾಗದವೇ ಬುತ್ತಿ.

ಇಂದೇ ಎರಡು ಪ್ರತಿಗಳಲ್ಲಿ ಅರ್ಜಿ ಬರೆದು, ಒಂದನ್ನು ಆಸ್ಪತ್ರೆಗೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕಸಹಿತ ಮೊಹರು ಹಾಕಿಸಿಕೊಳ್ಳಿ; ಒಪ್ಪದಿದ್ದರೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ. ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ 72 ಗಂಟೆಗಳಲ್ಲಿ ದಾಖಲೆ ಕೊಡಬೇಕು. ಡಿಸ್ಚಾರ್ಜ್ ಕಾರ್ಡ್ ಒಂದನ್ನೇ ಕೊಟ್ಟು ಕಳಿಸಿದರೆ ಎದ್ದು ಬರಬೇಡಿ. ನರ್ಸುಗಳ ಟಿಪ್ಪಣಿ, ಜ್ವರದ ಚಾರ್ಟ್, ಒಪ್ಪಿಗೆ ಪತ್ರ ಎಲ್ಲವನ್ನೂ ಕೇಳಿ, ಪುಟಗಳನ್ನು ಅಲ್ಲಿಯೇ ಎಣಿಸಿ.